ಮೇಲಿನ ಸಪ್ತಕ

1956ರ ನವೆಂಬರ್ 1ರಂದು ಗುಲ್ಬರ್ಗಾ ಜಿಲ್ಲೆ ಹೈದರಾಬಾದ್ ರಾಜ್ಯದಿಂದ ಮೈಸೂರು ರಾಜ್ಯಕ್ಕೆ ಸೇರಿತು. ಜಿಲ್ಲೆಯ ಜೊತೆಗೆ ನಮ್ಮೂರು ಸುರಪುರವೂ ಸೇರಿತು. ಅಂದು ಬೆಳಗ್ಗೆ ಶಾಲೆಯ ಅಂಗಳದಲ್ಲಿ ಬಾವುಟ ಏರಿತು, ಮಕ್ಕಳು ಹಾಡಿದರು. ಆ ಹಾಡಿಗೆ ನುಡಿಸಿದ ಹಾರ್ಮೋನಿಯಂ ಹಿಂದಿನ ದಿನದ ತನಕ ನಮ್ಮ ಮನೆಯ ಪಡಸಾಲೆಯಲ್ಲಿತ್ತು. ನನಗೆ ಆಗ ಹತ್ತು ವರ್ಷ. ಮುಂದೆ ಮೂವತ್ತೈದು ವರ್ಷ ನಾನು ಪತ್ರಿಕೆಗಳಿಗೆ ಸಂಗೀತದ ಬಗ್ಗೆ ಮತ್ತು ಸಂಗೀತ ಕೇಳಿಸುವ ಯಂತ್ರಗಳ ಬಗ್ಗೆ ಬರೆದೆ. ರೇಡಿಯೋ, ಟೇಪ್ ರೆಕಾರ್ಡರ್, ಆಂಪ್ಲಿಫೈಯರ್, ಆಳೆತ್ತರದ ಸ್ಪೀಕರುಗಳು, ಆಮೇಲೆ ಕಿವಿಯೊಳಗೆ ತೂರಿಸಿಕೊಳ್ಳುವಷ್ಟು ಸಣ್ಣವು, ಎಲ್ಲವೂ ನನ್ನ ಮೇಜಿನ ಮೇಲೆ ಬಂದು ಹೋದವು. ಈ ಕೆಲಸವನ್ನು ಎಲ್ಲಿ ಕಲಿತಿರಿ ಎಂದು ಕೇಳಿದವರಿಗೆ ಸುರಪುರದ ನಮ್ಮ ಮನೆಯಲ್ಲಿ ಎಂದು ಹೇಳುತ್ತ ಬಂದಿದ್ದೇನೆ. ಆ ಹಾರ್ಮೋನಿಯಂ ನಮ್ಮ ಮನೆಯಲ್ಲಿದ್ದ ಎರಡು ವಾರಗಳಲ್ಲಿ ಎಂದರೆ ಇನ್ನೂ ಖಚಿತವಾಗುತ್ತದೆ.

ಅಪ್ಪ ಹಾರ್ಮೋನಿಯಂ ರಿಪೇರಿ ಮಾಡುತ್ತಿದ್ದ. ನಮ್ಮ ಕಡೆ ಅದನ್ನು ಪೇಟಿ ಎನ್ನುತ್ತಾರೆ, ಹಾಗಾಗಿ ಊರಿಗೆಲ್ಲ ಅವನು ಪೇಟಿ ಶರಣಪ್ಪ. ಹರೆಯದಲ್ಲಿ ಹನ್ನೆರಡು ವರ್ಷ ಯಾದಗಿರಿಯ ಹತ್ತಿ ಗಿರಣಿಯಲ್ಲಿ, ಬೀಜ ಬಿಡಿಸುವ ಯಂತ್ರಗಳ ಮಗ್ಗುಲಲ್ಲಿ ನಿಂತು ದುಡಿದಿದ್ದ. ಪೇಟಿಯ ಕೆಲಸವನ್ನೂ ಅಲ್ಲೇ, ಹೈದರಾಬಾದಿನಿಂದ ಬಂದಿದ್ದ ಒಬ್ಬ ಹಿರಿಯ ಫಿಟ್ಟರನಿಂದ ಕಲಿತು, ಮದುವೆಯಾದ ಮೇಲೆ ಸುರಪುರಕ್ಕೆ ಮರಳಿದ್ದ. ಶಹಾಪುರದ ಮಠದ ಪೇಟಿ, ಸಗರದ ಭಜನೆಯವರ ಪೇಟಿ, ಗೋಗಿಯ ಖವ್ವಾಲರ ಪೇಟಿ, ಎಲ್ಲ ನಮ್ಮ ಪಡಸಾಲೆಗೆ ಬರುತ್ತಿದ್ದವು. ಕಲ್ಲು ಹಾಸಿದ ಆ ಪಡಸಾಲೆಯಲ್ಲಿ ಕುರಿಯ ತೊಗಲಿನ ವಾಸನೆ ಮತ್ತು ಕುದಿಸಿದ ಅಂಟಿನ ವಾಸನೆ ಯಾವಾಗಲೂ ಇರುತ್ತಿತ್ತು. ಅದರಾಚೆ ನಡುಮನೆ, ಅದರಾಚೆ ಅಡುಗೆಮನೆ. ಮೂರಕ್ಕೂ ಬಾಗಿಲುಗಳು ಒಂದೇ ಸಾಲಿನಲ್ಲಿದ್ದುದರಿಂದ ಪಡಸಾಲೆಯಲ್ಲಿ ಕೂತವನಿಗೆ ಒಲೆ ಕಾಣುತ್ತಿತ್ತು, ಒಲೆಯ ಮುಂದಿನವಳಿಗೆ ಪೇಟಿ ಕಾಣುತ್ತಿತ್ತು.

ಪೇಟಿಯೊಳಗೆ ಸ್ವರ ಹುಟ್ಟುವುದು ಹಿತ್ತಾಳೆಯ ಪುಟ್ಟ ನಾಲಗೆಗಳಿಂದ. ಅವಕ್ಕೆ ರೀಡು ಎನ್ನುತ್ತಾರೆ. ರೀಡಿನ ತುದಿಯನ್ನು ಕೆರೆದರೆ ಸ್ವರ ಏರುತ್ತದೆ, ಬುಡವನ್ನು ಕೆರೆದರೆ ಇಳಿಯುತ್ತದೆ. ಕೆರೆದ ಕೂಡಲೆ ಲೋಹ ಬಿಸಿಯಾಗಿರುವುದರಿಂದ ಆಗ ಕೇಳಿದ ಸ್ವರವನ್ನು ನಂಬುವಂತಿಲ್ಲ. ಅದಕ್ಕೆ ಅಪ್ಪ ಹಗಲು ಕೆರೆದು, ಮರುದಿನ ಬೆಳಗ್ಗೆ ಕೇಳುತ್ತಿದ್ದ. ಅವನು ಕೇಳಿ ಮುಗಿಸುವ ತನಕ ಮನೆಯಲ್ಲಿ ಯಾರೂ ಮಾತಾಡುವಂತಿರಲಿಲ್ಲ. ಇದು ನಮ್ಮ ಮನೆಯ ನೇಮ, ನಾನು ಹುಟ್ಟುವ ಮೊದಲಿನಿಂದ ಇದ್ದದ್ದು. ಉಪ್ಪು ಬೇಕಾದರೆ ಬೆರಳು ಉಜ್ಜಿ ತೋರಿಸಬೇಕು, ನೀರು ಬೇಕಾದರೆ ಅಂಗೈ ಬಗ್ಗಿಸಬೇಕು. ಕೊಡದಿಂದ ನೀರು ಬಗ್ಗಿಸುವಾಗ ಪಾತ್ರೆಯ ಗೋಡೆಗುಂಟ ಇಳಿಸಬೇಕು. ಅವ್ವ ಏಳುತ್ತಲೇ ಹಳೆಯ ಧೋತರದ ಪಟ್ಟಿಯಿಂದ ಎರಡೂ ಕೈಯ ಗಾಜಿನ ಬಳೆಗಳನ್ನು ಬಿಗಿದು ಕಟ್ಟಿಕೊಳ್ಳುತ್ತಿದ್ದಳು. ರೊಟ್ಟಿ ಬಡಿಯುವ ಮಾತೇ ಇಲ್ಲ. ಹಿಟ್ಟು ನಾದಿಟ್ಟುಕೊಂಡು, ಹೆಂಚು ಕಾಯಿಸಿಕೊಂಡು ಅವ್ವ ಕಾಯುತ್ತಿದ್ದಳು. ಅಪ್ಪ ಪೇಟಿ ಮುಚ್ಚಿ "ಹೂಂ, ಮಾತಾಡ್ರಿ" ಎಂದ ಮೇಲೆ ರೊಟ್ಟಿಯ ಸದ್ದು, ಆಯಿಯ ಬೈಗುಳ ಒಟ್ಟಿಗೆ ಶುರುವಾಗುತ್ತಿದ್ದವು. ಆಯಿ ಅಪ್ಪನ ತಾಯಿ, ಬೆಳಗಿನ ಹಸಿವು ತಡೆಯಲಾರದವಳು.

"ನಿನ್ನ ಪೇಟಿಗಿ ಹೊಟ್ಟಿ ಇಲ್ಲಪಾ, ನನಗ ಅದ. ರಜಾಕಾರರ ಗದ್ದಲದಾಗೂ ನಾ ಇಷ್ಟು ಬಾಯಿ ಮುಚ್ಚಿಕೊಂಡು ಕುಂತಿದ್ದಿಲ್ಲ."

"ಯವ್ವಾ, ಆವಾಗ ನೀ ಬಾಯಿ ಮುಚ್ಚಿದ್ರ ರಜಾಕಾರರು ಜಲ್ದಿ ಹೋಗತಿದ್ರು."

"ನೋಡ ನೀಲಾ, ನಿನ್ನ ಗಂಡನ ಮಾತ ನೋಡ!"

ನೀಲಾ ಎಂದರೆ ಅವ್ವ. ಅವಳು ನಗುತ್ತಿರಲಿಲ್ಲ, ಮೊದಲ ರೊಟ್ಟಿಯನ್ನು ಆಯಿಯ ತಾಟಿಗೆ ಹಾಕುತ್ತಿದ್ದಳು. ಆ ವರ್ಷ ಅಪ್ಪ ಊಟಕ್ಕೆ ಕೂತಾಗ ಒಂದು ಮಾತನ್ನು ಹೆಮ್ಮೆಯಿಂದ ಹೇಳುವುದು ರೂಢಿಯಾಗಿತ್ತು. "ಈಗೀಗ ನಮ್ಮ ಮನಿ ಭಾಳ ಸುಧಾರಿಸ್ಯಾದ. ಬೆಳಿಗ್ಗೆ ಒಂದು ಕಟ್ ಅಂತ ಸಪ್ಪಳಿಲ್ಲ. ಹತ್ತು ವರ್ಷ ಬಡಕೊಂಡ ಮ್ಯಾಲ ಈಗ ಬುದ್ಧಿ ಬಂದದ ನಿಮಗ." ನಾವು ಸುಧಾರಿಸಿರಲಿಲ್ಲ. ಆಯಿ ಮೊದಲಿಗಿಂತ ಹೆಚ್ಚು ಲೋಟ ಬೀಳಿಸುತ್ತಿದ್ದಳು. ನಾನು ಇದನ್ನು ಗಮನಿಸಿದ್ದೆ, ಆದರೆ ಬೈಗುಳ ತಪ್ಪಿತೆಂಬ ಸಮಾಧಾನದಲ್ಲಿ ಮುಂದೆ ಯೋಚಿಸಿರಲಿಲ್ಲ.

ಶಾಲೆಯ ಪೇಟಿ ಬಂದದ್ದು ಅಕ್ಟೋಬರಿನ ನಡುವೆ. ಹೈದರಾಬಾದಿಗೆ ಹೊರಟುಹೋದ ಒಬ್ಬ ಜಾಗೀರದಾರರ ಮನೆಯವರು ಶಾಲೆಗೆ ಬಿಟ್ಟುಹೋಗಿದ್ದ ದೊಡ್ಡ ಪೇಟಿ ಅದು, ಮೂರೂವರೆ ಸಪ್ತಕದ್ದು. ತಿದಿ ಹರಿದಿತ್ತು, ಅರ್ಧ ರೀಡುಗಳು ಕಿಲುಬು ಹಿಡಿದಿದ್ದವು. ತಂದವರು ಹೊಸದಾಗಿ ಧಾರವಾಡ ಕಡೆಯಿಂದ ಬಂದಿದ್ದ ಸಂಗೀತ ಮಾಸ್ತರರು. ಕಪ್ಪು ಟೋಪಿ, ಜೇಬಿನಲ್ಲಿ ಉಕ್ಕಿನ ಎರಡು ಕವಲಿನ ಶ್ರುತಿಕಡ್ಡಿ. ಅದನ್ನು ಮೊಣಕಾಲಿಗೆ ಬಡಿದು ಕಿವಿಗೆ ಹಿಡಿಯುತ್ತಿದ್ದರು. ಮಕ್ಕಳ ಧ್ವನಿ ಮೇಲಿರುವುದರಿಂದ ತಮಗೆ ಮೇಲಿನ ಸಪ್ತಕವೇ ಮುಖ್ಯ ಎಂದು ಎರಡೆರಡು ಸಲ ಹೇಳಿದರು.

"ಒಂದನೇ ತಾರೀಖಿಗೆ ಸಾಹೇಬರು ಬರ್ತಾರ, ಊರ ಮಂದಿ ಎಲ್ಲಾ ಇರ್ತದ. ನನ್ನ ಮರ್ಯಾದಿ ನಿಮ್ಮ ಕೈಯಾಗ ಅದರೀ ಶರಣಪ್ಪನವರ."

"ನಿಮ್ಮ ಮರ್ಯಾದಿ ಯಾಕ ಹೋದೀತ್ರಿ ಮಾಸ್ತರ? ಹೋದ್ರ ಮೊದಲ ನನ್ನದ ಹೋಗತದ. ಬರ್ರಿ, ಚಹಾ ಕುಡೀರಿ."

ಅಪ್ಪ ತಿದಿಗೆ ಹೊಸ ತೊಗಲು ಕೂಡಿಸಿದ, ಕಿಲುಬು ತೆಗೆದ, ಕೆಳಗಿನ ಸಪ್ತಕದಿಂದ ಕೆರೆಯುತ್ತ ಬಂದ. ದೀಪಾವಳಿ ಎದುರಿಗಿತ್ತು, ಆಯಿ ಗೋಡೆಗೆ ಸುಣ್ಣ ಬಳಿಸುತ್ತಿದ್ದಳು. ಕೊನೆಯ ವಾರದ ಒಂದು ಬೆಳಗ್ಗೆ ಅವ್ವನ ಬಲಗೈಯ ಪಟ್ಟಿ ಸಡಿಲಾಗಿ ಜಾರಿತು. ಅವಳು ಹೆಂಚು ಸರಿಸುವಾಗ ಒಂದು ಡಜನ್ ಗಾಜಿನ ಬಳೆ ಒಟ್ಟಿಗೆ ಗಲ್ ಎಂದವು. ನಾನು ನಡುಮನೆಯ ಹೊಸ್ತಿಲಲ್ಲಿದ್ದೆ. ಮೊದಲಾದರೆ ಇಂಥ ಸದ್ದಿಗೆ ಒರೆಸುವ ಅರಿವೆ ಹಾರಿ ಬರುತ್ತಿತ್ತು. ಅಪ್ಪನ ಕಡೆ ನೋಡಿದೆ. ಅವನು ಕಣ್ಣು ಮುಚ್ಚಿ ಪೇಟಿಯ ಮೇಲೆ ಕಿವಿ ಇಟ್ಟುಕೊಂಡೇ ಇದ್ದ, ರೆಪ್ಪೆಯೂ ಅಲುಗಲಿಲ್ಲ. ಅವ್ವನ ಕಡೆ ನೋಡಿದೆ. ಅವಳು ಬಳೆ ನೋಡಿಕೊಳ್ಳುತ್ತಿರಲಿಲ್ಲ, ನನ್ನನ್ನೇ ನೋಡುತ್ತಿದ್ದಳು. ಬೆರಳನ್ನು ತುಟಿಯ ಮೇಲೆ ಇಟ್ಟು, ಪಟ್ಟಿಯನ್ನು ಮತ್ತೆ ಕಟ್ಟಿಕೊಂಡಳು.

ರೊಟ್ಟಿ ಮುಗಿದ ಮೇಲೆ ಹಿತ್ತಲಲ್ಲಿ ಅವಳನ್ನು ಹಿಡಿದುಕೊಂಡೆ.

"ಯವ್ವಾ, ಅಪ್ಪಗ ಬಳಿ ಕೇಳಸಲಿಲ್ಲ."

"ಯುಗಾದಿಯಿಂದ ಕೇಳಸೂದಿಲ್ಲ ಅವರಿಗಿ. ಬಳಿ ಕೇಳಸೂದಿಲ್ಲ, ಗುಬ್ಬಿ ಕೇಳಸೂದಿಲ್ಲ. ಮಾತು ಕೇಳಸ್ತದ, ಅದಕ್ಕ ಅವರಿಗಿ ಅಂದಾಜ ಹತ್ತಿಲ್ಲ."

"ಮತ್ತ ದಿನಾ ಯಾಕ ಅರಿವಿ ಕಟಗೋತಿ?"

"ಬರೇ ಬಳಿ ಕಣ್ಣಿಗಿ ಬಿದ್ದವು, ಸಪ್ಪಳ ಕಿವಿಗಿ ಬೀಳಲಿಲ್ಲ ಅಂದ್ರ ತಿಳೀತದ ಅವರಿಗಿ. ನೀ ಸುಮ್ನಿರು ಗಂಗಿ."

ಆ ಮಧ್ಯಾಹ್ನ ಅಪ್ಪ ಅಂಟು ತರಲು ರಂಗಂಪೇಟೆಗೆ ಹೋದಾಗ ನಾನು ಶಾಲೆಯ ಪೇಟಿಯ ಮುಂದೆ ಕೂತೆ. ಕೆಳಗಿನ ಸಪ್ತಕ, ನಡುವಿನ ಸಪ್ತಕ ಬಿಗಿಯಾಗಿ ನಿಂತಿದ್ದವು. ಮೇಲಿನದಕ್ಕೆ ಬೆರಳು ಹೋದಾಗ ಕೆಲವು ಸ್ವರಗಳು ಏರಿದ್ದವು. ಕೆಳಗಿನ ಸ್ವರದ ಜೊತೆ ಕೂಡಿಸಿ ಒತ್ತಿದರೆ ಎರಡರ ನಡುವೆ ಬಿಸಿಲಿಗೆ ನೆಲ ನಡುಗುವಂತೆ ಒಂದು ನಡುಕ. ಅಪ್ಪನ ಕೆಲಸದಲ್ಲಿ ಅಂಥ ನಡುಕವನ್ನು ನಾನು ಎಂದೂ ಕೇಳಿರಲಿಲ್ಲ. ಅವ್ವ ಬಾಗಿಲಲ್ಲಿ ನಿಂತಿದ್ದಳು. ಆಯಿಯೂ ಬಂದಳು. ಒಂದನೇ ತಾರೀಖಿಗೆ ನಾಲ್ಕು ದಿನ ಉಳಿದಿತ್ತು. ಹೀಗೇ ಹೋದರೆ ಊರ ಮುಂದೆ ಮಾಸ್ತರರ ಕಡ್ಡಿಯೇ ಸತ್ಯ ಹೇಳುತ್ತಿತ್ತು, ಆಮೇಲೆ ನಮ್ಮ ಪಡಸಾಲೆಗೆ ಯಾವ ಪೇಟಿಯೂ ಬರುತ್ತಿರಲಿಲ್ಲ. ಹೇಳಿದರೆ, ಅಪ್ಪ ತಾನೇ ಕೆಲಸ ಬಿಟ್ಟು ಮೂಲೆಗೆ ಕೂರುತ್ತಾನೆ ಎಂಬುದು ಅವ್ವನ ಭಯ. ಆಯಿಗೆ ಈ ಎರಡು ಭಯವೂ ಇರಲಿಲ್ಲ.

"ನನ್ನ ಮಗನ ಕಿವಿ ಬರೋಬರ್ ಅದ. ಈ ಮೋಟ ಹುಡುಗಿ ಸ್ವರ ತಿದ್ದತಾಳಂತ! ನಾಳಿ ನನಗ ರೊಟ್ಟಿ ಬಡಿಯಾಕ ಕಲಸ್ತಾಳ."

"ಅತ್ತಿ, ಹುಡುಗಿ ಹೇಳೂದು ಖರೇ ಅದ್ರಿ."

"ಖರೇ ಇದ್ರ ಹೇಳ ಹೋಗು ನಿನ್ನ ಗಂಡಗ."

ಅವ್ವ ಹೇಳಲಿಲ್ಲ. ಆ ಸಂಜೆ ಹೇಳಲಿಲ್ಲ, ಮರುದಿನವೂ ಹೇಳಲಿಲ್ಲ. ಮೂರನೆಯ ಬೆಳಗ್ಗೆ ಅಪ್ಪ ಮೇಲಿನ ಸಪ್ತಕವನ್ನು ಒಂದೊಂದಾಗಿ ಒತ್ತಿ, ತಲೆ ಆಡಿಸಿ, ಮುಚ್ಚಳಕ್ಕೆ ಕೈ ಹಾಕಿದ. ಅವನು "ಮಾತಾಡ್ರಿ" ಎನ್ನುವ ಮೊದಲೇ ನಾನು ಮಾತಾಡಿದೆ. ಆ ಮನೆಯಲ್ಲಿ ಅದಕ್ಕಿಂತ ದೊಡ್ಡ ತಪ್ಪಿರಲಿಲ್ಲ.

"ಅಪ್ಪಾ, ಮ್ಯಾಲಿನ ಪ ಏರ್ಯಾದ. ಅದರ ಮುಂದಿನವೂ ಎರಡು ಏರ್ಯಾವ."

"ಯಾರು ಹೇಳಿಕೊಟ್ರು ನಿನಗ?"

"ಯಾರೂ ಇಲ್ಲ. ಕೇಳಸ್ತದ."

ಹೊಡೆಯುತ್ತಾನೆ ಎಂದುಕೊಂಡೆ. ಅವನು ನನ್ನ ಭುಜ ಹಿಡಿದು ಗೋಡೆಯ ಕಡೆ ಮುಖ ತಿರುಗಿಸಿ ಕೂರಿಸಿದ. ಹಸಿ ಸುಣ್ಣ ಮೂಗಿಗೆ ತಾಗುವಷ್ಟು ಹತ್ತಿರ. ಬೆನ್ನ ಹಿಂದೆ ಅವನು ಏನು ಮಾಡುತ್ತಿದ್ದನೆಂದು ಆಮೇಲೆ ತಿಳಿಯಿತು. ರೀಡಿನ ತುದಿಗೆ ಸಾಸಿವೆಯಷ್ಟು ಮೇಣ ಹಚ್ಚಿದರೆ ಸ್ವರ ಇಳಿಯಲೇಬೇಕು, ತೆಗೆದರೆ ಮೊದಲಿನಂತಾಗಬೇಕು. ಒಮ್ಮೆ ಹಚ್ಚುತ್ತಿದ್ದ, ಒಮ್ಮೆ ಹಚ್ಚಿದಂತೆ ಮಾಡಿ ಬಿಡುತ್ತಿದ್ದ, ಒತ್ತುತ್ತಿದ್ದ, "ಈಗ?" ಎನ್ನುತ್ತಿದ್ದ. ನಾನು "ಇಳೀತು", "ಅಷ್ಟ ಅದ", "ಏರ್ತು" ಎಂದು ಹೇಳುತ್ತ ಹೋದೆ. ಎಷ್ಟು ಸಲ ಎಂದು ಎಣಿಸಲಿಲ್ಲ. ಕೊನೆಗೆ "ಈಗ?" ನಿಂತಿತು. ತಿರುಗಿ ನೋಡಿದೆ. ಅಪ್ಪ ಮೇಣ ಹಚ್ಚಿದ ರೀಡನ್ನು ತಾನೇ ಒತ್ತಿ ಬಲಗಿವಿ ಇಟ್ಟು ಕೇಳುತ್ತಿದ್ದ. ಮೇಣ ಕೆರೆದು ತೆಗೆದು ಮತ್ತೆ ಕೇಳಿದ. ಎಡಗಿವಿ ಇಟ್ಟು ಕೇಳಿದ. ಮೇಣ ಹಚ್ಚಿದ್ದು ಅವನ ಕೈ, ಅದನ್ನು ಅವನು ನಂಬಲೇಬೇಕಿತ್ತು. ಸ್ವರ ಬದಲಾಗಿದೆ ಎಂದು ಅವನಿಗೆ ಗೊತ್ತಿತ್ತು, ಆದರೆ ಕೇಳಿಸುತ್ತಿರಲಿಲ್ಲ.

ಅವನು ಎರಡು ಬಾಗಿಲುಗಳ ಆಚೆ ಒಲೆಯ ಕಡೆ ನೋಡಿದ.

"ನೀಲಾ, ನಿನಗ ಗೊತ್ತಿತ್ತೇನು?"

ಅವ್ವ ಎದ್ದು ನಿಂತು ಎರಡೂ ಕೈಯ ಪಟ್ಟಿ ಬಿಚ್ಚಿದಳು. "ಹೂಂರಿ."

"ಯಾವಾಗಿಂದ?"

"ಯುಗಾದಿಯಿಂದ್ರಿ."

"ಅಂದ್ರ ಮನಿ ಸುಧಾರಿಸಿದ್ದಿಲ್ಲ."

"ಇಲ್ಲರಿ."

ಅಪ್ಪ ಎದ್ದು ಚಪ್ಪಲಿ ಮೆಟ್ಟಿಕೊಂಡು ಹೊರಗೆ ಹೋದ. ಆ ದಿನ ಅವನು "ಮಾತಾಡ್ರಿ" ಎನ್ನಲಿಲ್ಲ, ಹಾಗಾಗಿ ಯಾರೂ ಮಾತಾಡಲಿಲ್ಲ. ಆಯಿ ಕೂಡ ರೊಟ್ಟಿ ಕೇಳಲಿಲ್ಲ. ಬಿಸಿಲು ಪಡಸಾಲೆಯ ಮೂರನೆಯ ಹಾಸುಗಲ್ಲಿಗೆ ಬಂದಾಗ ಅವನು ಮರಳಿದ. ಕಾಲು ತೊಳೆದುಕೊಂಡು ಬಂದು ಪೇಟಿಯ ಮುಂದೆ ಕೂತು ಕೆರೆಯುವ ಸಣ್ಣ ಅರ ಕೈಗೆ ತೆಗೆದುಕೊಂಡ.

"ಯವ್ವಾ, ಉಣ್ಣು ನೀ. ಗಂಗಿ, ಬಾ ಇಲ್ಲಿ, ಕೂಡು. ನಾ ಕೆರೀತೀನಿ, ನೀ ಹೇಳು. ಕೇಳಿಸಿದ್ದಷ್ಟ ಹೇಳು. ನನ್ನ ಮಾರಿ ನೋಡಿ ಹೇಳಬ್ಯಾಡ."

ಆ ಕೊನೆಯ ವಾಕ್ಯ ನನಗೆ ಮುಂದೆ ಸಂಪಾದಕರು ಕೊಟ್ಟ ಎಲ್ಲ ಸೂಚನೆಗಳಿಗಿಂತ ಉಪಯೋಗಕ್ಕೆ ಬಂದಿದೆ. ಯಂತ್ರಗಳ ವಿಮರ್ಶೆ ಬರೆಯಲು ಕೂತಾಗ ನಾನು ತಯಾರಕರ ಹೆಸರಿನ ಮೇಲೆ ಬಟ್ಟೆ ಹೊದಿಸಿ, ಬೆನ್ನು ತಿರುಗಿಸಿ, ತಂತಿಗಳನ್ನು ಬೇರೆಯವರಿಂದ ಅದಲುಬದಲು ಮಾಡಿಸಿ ಕೇಳುತ್ತಿದ್ದೆ. ಬೆಳಗ್ಗೆ, ಯಾರೊಂದಿಗೂ ಮಾತಾಡುವ ಮೊದಲು ಕೇಳುತ್ತಿದ್ದೆ. ಬೆಂಗಳೂರಿನಲ್ಲಿ ಸ್ಪೀಕರ್ ತಯಾರಿಸುತ್ತಿದ್ದ ಒಬ್ಬರು ನನ್ನ ಟಿಪ್ಪಣಿ ಓದಿ ಕಚೇರಿಗೇ ಬಂದಿದ್ದರು. ತಾರಸ್ವರಗಳು ಚುಚ್ಚುತ್ತವೆ ಎಂದು ನಾನು ಬರೆದಿದ್ದೆ. ತಮಗೆ ಹಾಗೆ ಅನಿಸುವುದೇ ಇಲ್ಲ ಎಂದು ಮೇಜು ಬಡಿದರು. ನಿಮ್ಮ ಮನೆಯಲ್ಲಿ ಹದಿನೈದು ವರ್ಷದವರು ಯಾರಾದರೂ ಇದ್ದರೆ ಅವರಿಗೆ ಕೇಳಿಸಿ, ಪಕ್ಕದಲ್ಲಿ ನಿಂತು ಅವರ ಮುಖ ನೋಡಬೇಡಿ ಎಂದೆ. ಎರಡು ತಿಂಗಳಿಗೆ ಅದೇ ಸ್ಪೀಕರ್ ತಿದ್ದಿಸಿಕೊಂಡು ಬಂತು. ಚೆನ್ನಾಗಿತ್ತು, ಹಾಗೆಂದೇ ಬರೆದೆ.

ಅಪ್ಪನ ಪಕ್ಕದಲ್ಲಿ ಕೂತ ಆ ಮಧ್ಯಾಹ್ನ ನಾನು ಒಂದು ತಪ್ಪು ಮಾಡಿದೆ. ಏರಿದ ರೀಡುಗಳನ್ನು ಬುಡದಲ್ಲಿ ಕೆರೆದು ಇಳಿಸುವ ಕೆಲಸ. ಅಪ್ಪ ಒಂದು ಎಳೆ ಕೆರೆಯುತ್ತಿದ್ದ, ರೀಡು ಆರಲು ಬಿಟ್ಟು ಒತ್ತುತ್ತಿದ್ದ, ನಾನು "ಇನ್ನ" ಅಥವಾ "ಸಾಕು" ಎನ್ನುತ್ತಿದ್ದೆ. ನನ್ನ ಒಂದು ಮಾತಿಗೆ ಅಪ್ಪನ ಕೈ ಚಲಿಸುವುದು ನನಗೆ ರುಚಿಸತೊಡಗಿತ್ತು. ಮೇಲಿನ ಪ ಸರಿಯಾದದ್ದು ಕೇಳಿಸಿದ ಮೇಲೂ ಇನ್ನೊಮ್ಮೆ "ಇನ್ನ" ಎಂದುಬಿಟ್ಟೆ. ಕೆರೆದ. ತೆಳ್ಳಗಾಗಿದ್ದ ರೀಡು ಬುಡದಲ್ಲೇ ಮುರಿಯಿತು. ಅಪ್ಪ ಬೈಯಲಿಲ್ಲ. ಗೂಡಿನಲ್ಲಿದ್ದ ತನ್ನ ಸ್ವಂತ ಪೇಟಿಯನ್ನು ಇಳಿಸಿ, ಅದೇ ಜಾಗದ ರೀಡನ್ನು ಕಿತ್ತು ಶಾಲೆಯ ಪೇಟಿಗೆ ಕೂಡಿಸಿದ.

"ಹೇಳೂದು ಬಂತು ನಿನಗ. ಈಗ ನಿಲ್ಲಸೂದು ಕಲಿ."

ಮರುದಿನ ಬೆಳಗ್ಗೆ ಕೊನೆಯ ಸಲ ಕೇಳಿದೆವು, ಅವನು ಕೆಳಗಿನ ಎರಡು ಸಪ್ತಕ, ನಾನು ಮೇಲಿನದು. ಮಧ್ಯಾಹ್ನ ಮಾಸ್ತರರು ಬಂದರು. ಅವ್ವ ಚಹಾದ ನೆಪದಲ್ಲಿ ನಡುಮನೆಯ ಬಾಗಿಲಲ್ಲೇ ನಿಂತಳು. ನಾವು ಏನೂ ಹೇಳದೆ ಪೇಟಿ ಕೊಟ್ಟು ಕಳಿಸಬಹುದಿತ್ತು, ಅದು ಈಗ ಸರಿಯಾಗಿಯೇ ಇತ್ತು. ಮಾಸ್ತರರು ಜೇಬಿಗೆ ಕೈ ಹಾಕುವ ಮೊದಲೇ ಅಪ್ಪ ಹೇಳಿದ.

"ಮಾಸ್ತರ, ಒಂದು ಮಾತು. ಮ್ಯಾಲಿನ ಸಪ್ತಕ ನಾ ಕೇಳಿಲ್ಲರಿ. ನನಗ ಕೇಳಸೂದಿಲ್ಲ. ಮಗಳು ಕೇಳ್ಯಾಳ, ನಾ ಕೆರದೀನಿ. ನೀವು ಬರೋಬರ್ ನೋಡ್ಕೊಂಡ ಒಯ್ಯಿರಿ."

ಮಾಸ್ತರರು ಅಪ್ಪನನ್ನು ನೋಡಿದರು, ನನ್ನನ್ನು ನೋಡಿದರು. ಟೋಪಿ ತೆಗೆದು ಪಕ್ಕಕ್ಕಿಟ್ಟರು. ಕಡ್ಡಿಯನ್ನು ಮೊಣಕಾಲಿಗೆ ಬಡಿಯುತ್ತ, ಒಂದು ಸ್ವರವನ್ನೂ ಬಿಡದೆ, ಚಹಾ ಆರಿಹೋಗುವ ತನಕ ಕೂತು ಕೇಳಿದರು.

"ಮ್ಯಾಲಿನ ಪ ಒಂದು ಕೂದಲೆಳಿಯಷ್ಟು ಇಳದದವಾ."

"ಹೌದ್ರಿ," ಎಂದೆ. "ಅದು ಅಪ್ಪನ ಪೇಟಿದು. ಇನ್ನ ಕೆರದ್ರ ಮುರೀತದ ಅಂತ ಬಿಟ್ಟೀವಿ."

"ಬಿಟ್ಟಿದ್ದು ಚಲೋ ಆತು," ಎಂದು ಪೇಟಿ ಎತ್ತಿಸಿಕೊಂಡು ಹೋದರು. ನವೆಂಬರ್ 1ರಂದು ಅದು ನುಡಿಯಿತು. ಸ್ವರದ ಬಗ್ಗೆ ಯಾರೂ ಏನೂ ಹೇಳಲಿಲ್ಲ, ಪೇಟಿ ಸರಿಯಿದ್ದಾಗ ಯಾರೂ ಹೇಳುವುದಿಲ್ಲ. ಆದರೆ ಅಪ್ಪನ ಮಾತು ಊರಿಗೆ ಹಬ್ಬಿತು, ಅವನೇ ಹಬ್ಬಿಸಿದ. ಬಂದವರಿಗೆಲ್ಲ ಬಾಗಿಲಲ್ಲೇ ಹೇಳುತ್ತಿದ್ದ. ಸಗರದ ಭಜನೆಯವರು ಒಂದು ವರ್ಷ ಪೇಟಿಯನ್ನು ಗುಲ್ಬರ್ಗಾಕ್ಕೆ ಒಯ್ದರು, ಆಮೇಲೆ ಮರಳಿ ಬಂದರು. ಗೋಗಿಯ ಖವ್ವಾಲರು ಒಂದು ಸಲವೂ ತಪ್ಪಲಿಲ್ಲ. ಅವರಲ್ಲಿ ಹಿರಿಯರು, "ಕಾನ್ ಯಾರದಿದ್ರೇನು ಶರಣಪ್ಪ, ಹಾತ್ ನಿಂದೇ ಅಲ್ಲಾ," ಎಂದು ತಮ್ಮ ಕಿವಿ ಮುಟ್ಟಿಕೊಂಡು, ಅಪ್ಪನ ಕೈ ತಟ್ಟಿ ನಗುತ್ತ ಪೇಟಿ ಇಳಿಸುತ್ತಿದ್ದರು. ಆಯಿ ಮಾತ್ರ ತೀರಿಕೊಳ್ಳುವ ತನಕ ಮಗನ ಕಿವಿ ಚೆನ್ನಾಗಿಯೇ ಇದೆ, ಮೊಮ್ಮಗಳಿಗೆ ಕೆಲಸ ಕಲಿಸಲು ಆಟ ಹೂಡಿದ್ದಾನೆ ಎಂದೇ ಹೇಳಿದಳು.

ಏಳು ವರ್ಷ ನಾನು ಅಪ್ಪನ ಎಡಕ್ಕೆ ಕೂತು ಕೇಳಿದೆ. ಕಾಲೇಜಿಗೆಂದು ಗುಲ್ಬರ್ಗಾಕ್ಕೆ ಹೊರಟಾಗ ನನಗಿದ್ದ ಚಿಂತೆ ಒಂದೇ, ಮೇಲಿನ ಸಪ್ತಕವನ್ನು ಇನ್ನು ಯಾರು ಕೇಳಬೇಕು ಎಂಬುದು. ಅಪ್ಪನಿಗೆ ಕೇಳಿದೆ, ಅವನು ನನ್ನ ಚೀಲ ಎತ್ತಿಕೊಂಡು ಮುಂದೆ ನಡೆದ. ಮೊದಲ ರಜೆಗೆ ಬಂದಾಗ ಬೆಳಗಿನ ಹೊತ್ತು. ಬಾಗಿಲು ತೆರೆದಿತ್ತು, ಮನೆ ನಿಶ್ಶಬ್ದ. ನನ್ನ ಜಾಗದಲ್ಲಿ ಅವ್ವ ಕಣ್ಣು ಮುಚ್ಚಿ ಕೂತಿದ್ದಳು. ಅಪ್ಪ ಒಂದು ಎಳೆ ಕೆರೆದು, ಆರಲು ಬಿಟ್ಟು, ಒತ್ತಿದ. ಅವ್ವ "ಸಾಕ್ರಿ" ಎಂದಳು. ನಾನು ಆ ಸ್ವರವನ್ನು ಕೇಳಿದೆ, ಅಲ್ಲಿಗೇ ನಿಲ್ಲಿಸಬೇಕಿತ್ತು. ಚೀಲ ಇಳಿಸಿ, ಅಡುಗೆಮನೆಗೆ ಹೋಗಿ ಹಿಟ್ಟು ನಾದಿಟ್ಟು ಕಾದೆ.

ಇಬ್ಬರೂ ಈಗಿಲ್ಲ. ಕಳೆದ ವರ್ಷ ಶಹಾಪುರದ ಒಬ್ಬ ಶಿಕ್ಷಕಿ ತಮ್ಮ ಮನೆಯ ಹಳೆಯ ಪೇಟಿ ಬಿಚ್ಚಿದಾಗ ಒಳಗೆ ಕಂಡದ್ದರ ಫೋಟೋ ಕಳಿಸಿದರು. ಅಪ್ಪ ಓದಿದ್ದು ಉರ್ದು ಶಾಲೆಯಲ್ಲಿ, ಕನ್ನಡ ಅಕ್ಷರ ಕಲಿತದ್ದು ನಲವತ್ತು ದಾಟಿದ ಮೇಲೆ. ರೀಡುಗಳ ಹಲಗೆಯ ಅಡಿಯಲ್ಲಿ, ಪೆನ್ಸಿಲಿನಲ್ಲಿ, ಅವನ ಸೊಟ್ಟ ಕನ್ನಡದಲ್ಲಿ ಎರಡು ಸಾಲು ಇವೆ: "ಕೆರೆದವ ಶರಣಪ್ಪ. ಕೇಳಿದಾಕಿ ನೀಲಮ್ಮ."